ಕಲಿಯಲು ಹದಿನಾರು, ಕೀ ಕೈಗೆ ಹದಿನೆಂಟು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಮಲೆನಾಡಿನ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾವ ಕಾಲೇಜು ಎನ್ನುವುದು ಮೊದಲನೆಯದು. ಅಲ್ಲಿಗೆ ದಿನಾ ಹೋಗಿಬರುವುದು ಹೇಗೆ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಅಂಕಪಟ್ಟಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಎಷ್ಟೋ ಮನೆಗಳಲ್ಲಿ ಅಂಗಳದಲ್ಲಿ ನಿಂತಿರುವ ಸ್ಕೂಟರ್ ಉತ್ತರ ಕೊಡುತ್ತದೆ. ಅದನ್ನು ಓಡಿಸುವವರಿಗೆ ಆಗ ವಯಸ್ಸು ಹದಿನಾರು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆ. ಊರಿನ ಹೆಸರಿನಲ್ಲಿರುವ ಸುರುಳಿ ನಮ್ಮ ರಸ್ತೆಗಳಲ್ಲೂ ಇದೆ. ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಒಂದು ಕಡೆ ದರೆ, ಇನ್ನೊಂದು ಕಡೆ ಅಡಿಕೆ ತೋಟದ ಇಳಿಜಾರು. ತಂಗಿ ಈ ವರ್ಷ ಪ್ರಥಮ ಪಿಯುಸಿ. ಬಿಇ ಓದುತ್ತಿರುವ ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಮನೆಯಲ್ಲಿ ಒಂದೇ ಚರ್ಚೆ: ಅವಳಿಗೆ ಗಾಡಿ ಕೊಡಬೇಕೋ ಬೇಡವೋ. "ನಮ್ ಕ್ಲಾಸಲ್ಲಿ ಎಷ್ಟೋ ಜನ ಗಾಡೀಲೇ ಬರ್ತಾರೆ ಅಣ್ಣ" ಎನ್ನುವುದು ಅವಳ ವಾದ. "ಗಾಡಿ ಕೊಡೋದು ದೊಡ್ಡದಲ್ಲ ಮಾರಾಯ್ತಿ, ನೀನು ಮನೆಗೆ ಬರೋ ತನಕ ಕಾಯೋದು ಕಷ್ಟ" ಎನ್ನುವುದು ಅಪ್ಪಯ್ಯನ ಉತ್ತರ.

ಈ ಚರ್ಚೆ ನಮ್ಮ ಮನೆಯದಷ್ಟೇ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಹಳ್ಳಿಗೆ ಹೋದರೂ ಕೇಳುತ್ತದೆ. ಒಂದು ಗುಂಪು, ಬೇಗ ಕಲಿತಷ್ಟೂ ಒಳ್ಳೆಯದು, ಈಜು ಕಲಿತ ಹಾಗೆ ಎನ್ನುತ್ತದೆ. ಇನ್ನೊಂದು ಗುಂಪು, ಹದಿನೆಂಟು ತುಂಬುವ ತನಕ ಮುಟ್ಟಲೇಬಾರದು ಎನ್ನುತ್ತದೆ. ನನಗೆ ಅನ್ನಿಸುವುದು, ಇಬ್ಬರೂ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದುಕೊಂಡಿದ್ದಾರೆ. ಗಾಡಿ ಕಲಿಯುವ ವಯಸ್ಸು ಒಂದು. ಒಬ್ಬರೇ ರಸ್ತೆಗೆ ಇಳಿಯುವ ವಯಸ್ಸು ಇನ್ನೊಂದು.

ಕಾಗದದಲ್ಲಿ ಇದೆ, ಅಂಗಡಿಯಲ್ಲಿಲ್ಲ

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು 18 ವರ್ಷ ತುಂಬಿರಬೇಕು. ಲಾರಿ, ಟ್ಯಾಕ್ಸಿಯಂಥ ಸಾರಿಗೆ ವಾಹನಗಳಿಗೆ 20 ವರ್ಷ. ಆದರೆ ಹದಿನಾರರವರಿಗೂ ಅದೇ ಕಾಯ್ದೆಯಲ್ಲಿ ಒಂದು ಕಿಟಕಿ ಇದೆ. ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು.

ಕಾಯ್ದೆ ಬಂದ ಕಾಲಕ್ಕೆ ಈ ಮಾತಿಗೆ ಅರ್ಥವಿತ್ತು. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಆಗ ರಸ್ತೆಯಲ್ಲಿದ್ದವು. ಇವತ್ತು ಶೋರೂಮಿಗೆ ಹೋಗಿ 50 ಸಿಸಿಯ ಗಾಡಿ ಕೇಳಿ ನೋಡಿ. ನಮ್ಮ ಕಡೆ ಅಡಿಕೆ ಮೂಟೆ ಹೊರುವ ಟಿವಿಎಸ್ ಎಕ್ಸೆಲ್ ಕೂಡ ಈಗ 100 ಸಿಸಿ. ಹುಡುಗಿಯರು ಇಷ್ಟಪಡುವ ಆ್ಯಕ್ಟಿವಾ ಸುಮಾರು 110 ಸಿಸಿ. ಅಂದರೆ ಹದಿನಾರರವರಿಗೆ ಲೈಸೆನ್ಸ್ ಕೊಡುವ ಕಲಮು ಕಾನೂನಿನಲ್ಲಿದೆ, ಅದಕ್ಕೆ ಹೊಂದುವ ಗಾಡಿ ಅಂಗಡಿಯಲ್ಲಿಲ್ಲ.

ಉಳಿದದ್ದು ಬ್ಯಾಟರಿ ಗಾಡಿ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮುಟ್ಟದ ಬ್ಯಾಟರಿ ವಾಹನಕ್ಕೆ ಲೈಸೆನ್ಸ್ ಬೇಡ. ಪೇಟೆಯ ಸಮತಟ್ಟು ರಸ್ತೆಗೆ ಅದು ಸರಿಹೋಗಬಹುದು. ನಮ್ಮ ಏರಿನಲ್ಲಿ? ಸವಾರರೂ ಗಾಡಿಯೂ ಸೇರಿ 120 ಕೆ.ಜಿ. ಎಂದುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 250 ವಾಟ್ ಪೂರ್ತಿ ಸಿಕ್ಕರೂ ವೇಗ ಗಂಟೆಗೆ ಎಂಟು ಕಿ.ಮೀ. ದಾಟುವುದಿಲ್ಲ. ಪುಸ್ತಕದ ಚೀಲ ಹಾಕಿಕೊಂಡು ಓಡಿದರೆ ಅದಕ್ಕಿಂತ ಬೇಗ ಮೇಲೆ ಹತ್ತಬಹುದು!

ಇಪ್ಪತ್ತೈದರ ತನಕ ಲೈಸೆನ್ಸ್ ಇಲ್ಲ

ಹಾಗಾಗಿ ಹೆಚ್ಚಿನವರು ಮಾಡುವುದು ಒಂದೇ, ಲೈಸೆನ್ಸ್ ಇಲ್ಲದೆ 110 ಸಿಸಿ ಓಡಿಸುವುದು. "ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯ್ತು" ಎಂಬ ಧೈರ್ಯ. ಈ ಧೈರ್ಯ ಇರುವವರು 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮನ್ನು ಒಮ್ಮೆ ಓದಬೇಕು. ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ವಾಹನದ ನೋಂದಣಿ 12 ತಿಂಗಳು ರದ್ದು. ನಮ್ಮ ಜಿಲ್ಲೆಯ ನ್ಯಾಯಾಲಯಗಳು ಹೀಗೆ 25 ಸಾವಿರ ದಂಡ ಹಾಕಿದ ಸುದ್ದಿಗಳನ್ನು ನಾವೇ ಪತ್ರಿಕೆಯಲ್ಲಿ ಓದಿದ್ದೇವೆ.

ಇಷ್ಟು ಹಲವರಿಗೆ ಗೊತ್ತು. ಅದೇ ಕಲಮಿನ ಇನ್ನೊಂದು ಸಾಲು ನನ್ನ ಗೆಳೆಯರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಹಾಗೆ ತಪ್ಪು ಮಾಡಿದ ಅಪ್ರಾಪ್ತರಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ, ಎಲ್‌ಎಲ್ ಕೂಡ ಇಲ್ಲ. ಲೆಕ್ಕ ಹಾಕಿ. ಹದಿನೇಳರಲ್ಲಿ ಸಿಕ್ಕಿಬಿದ್ದವರು 22ಕ್ಕೆ ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ ಇನ್ನೂ ಮೂರು ವರ್ಷ ಬಾಕಿ ಇರುತ್ತದೆ. ಡೆಲಿವರಿ, ಮಾರ್ಕೆಟಿಂಗ್, ಸರ್ವಿಸ್ ಎಂಜಿನಿಯರ್, ಡ್ರೈವರ್, ಯಾವುದಕ್ಕೆ ಅರ್ಜಿ ಹಾಕಿದರೂ ಡಿಎಲ್ ಇದೆಯಾ ಎಂದು ಕೇಳುತ್ತಾರೆ. ಪಿಯುಸಿಯ ಎರಡು ವರ್ಷದ ಅನುಕೂಲಕ್ಕೆ ಕೊಡುವ ಬೆಲೆ ಅದು.

ಅಪಘಾತವಾದರಂತೂ ದಂಡದ ಮಾತು ಸಣ್ಣದು. ಪುಣೆಯಲ್ಲಿ 2024ರ ಮೇ 19ರ ನಸುಕಿನಲ್ಲಿ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕಾರು ಓಡಿಸುತ್ತಿದ್ದ ಆರೋಪ ಇದ್ದದ್ದು 17 ವರ್ಷದ ಬಾಲಕನ ಮೇಲೆ. ಅವನಿಗೆ ಮೊದಲು ಜಾಮೀನು ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದೂ ಒಂದು. ದೇಶವೇ ಸಿಟ್ಟಾಯಿತು. ಐಷಾರಾಮಿ ಕಾರಿಗೂ ನಮ್ಮೂರಿನ ಸ್ಕೂಟರಿಗೂ ಹೋಲಿಕೆ ಇಲ್ಲ, ನಿಜ. ಆದರೆ ಎದುರಿನಿಂದ ನಡೆದು ಬರುವ ಅಜ್ಜಿಗೆ ಸ್ಕೂಟರ್ ಗುದ್ದಿದರೂ ಸಾಕು.

ತಿರುವಿನ ಲೆಕ್ಕ

ಹದಿನಾರಕ್ಕೂ ಹದಿನೆಂಟಕ್ಕೂ ಅಂಥ ವ್ಯತ್ಯಾಸ ಏನು ಎಂದು ತಂಗಿ ಕೇಳುತ್ತಾಳೆ. ಕಾಲು ನೆಲಕ್ಕೆ ತಾಗುವುದು, ಆ್ಯಕ್ಸಿಲರೇಟರ್ ತಿರುಗಿಸುವುದು ಇದರಲ್ಲಿ ವ್ಯತ್ಯಾಸವಿಲ್ಲ. ಹದಿನಾಲ್ಕಕ್ಕೇ ಗದ್ದೆಯಲ್ಲಿ ಟಿಲ್ಲರ್ ಹಿಡಿದ ಹುಡುಗರನ್ನು ನಾನು ನೋಡಿದ್ದೇನೆ. ವ್ಯತ್ಯಾಸ ಇರುವುದು ಯಾವಾಗ ನಿಧಾನ ಮಾಡಬೇಕು ಎನ್ನುವ ತೀರ್ಮಾನದಲ್ಲಿ. ಆತುರಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನಲ್ಲಿ ಎಂದು ವಿಜ್ಞಾನ ಹೇಳುತ್ತದೆ. ಹಾಗೆ ನೋಡಿದರೆ ಇಪ್ಪತ್ತರ ನಾನೂ ಪೂರ್ತಿ ಪಾಸಾಗಿಲ್ಲ! ಹಿಂದಿನ ಸೀಟಿನಲ್ಲಿ ಗೆಳೆಯರು ಕೂತರೆ ಆ ತೀರ್ಮಾನ ಇನ್ನಷ್ಟು ಸಡಿಲವಾಗುವುದು ನಮಗೆಲ್ಲ ಗೊತ್ತಿರುವ ಸತ್ಯ.

ಇದನ್ನು ನಾನು ಅವಳಿಗೆ ಫಿಸಿಕ್ಸ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಎದುರಿಗೆ ದನ ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ ಅಷ್ಟರಲ್ಲಿ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಒದ್ದೆ ರಸ್ತೆಯ ಘರ್ಷಣೆ ಗುಣಾಂಕ 0.4 ಎಂದು ಹಿಡಿದರೆ ಪೂರ್ತಿ ನಿಲ್ಲಲು ಇನ್ನೂ 16 ಮೀಟರ್. ಒಟ್ಟು 33. ವೇಗ 60 ಆದರೆ ಇದೇ ಲೆಕ್ಕ 60 ಮೀಟರ್ ಮುಟ್ಟುತ್ತದೆ. ವೇಗ ಒಂದೂವರೆ ಪಟ್ಟು, ನಿಲ್ಲುವ ದೂರ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮ ತಿರುವುಗಳಲ್ಲಿ ಮುಂದಿನ 30 ಮೀಟರ್ ಕಂಡರೆ ಅದೇ ಹೆಚ್ಚು. ಜುಲೈ ಮಳೆಯಲ್ಲಿ ತಾರಿನ ಅಂಚಿಗೆ ಪಾಚಿ ಕಟ್ಟಿದಾಗ 0.4 ಕೂಡ ಸಿಗಲಿಕ್ಕಿಲ್ಲ. ಪುಸ್ತಕದ ಲೆಕ್ಕ ಕೈಗೆ ಇಳಿಯಬೇಕಾದರೆ ಅಭ್ಯಾಸ ಬೇಕು.

ಆ ಅಭ್ಯಾಸಕ್ಕೆ ನಮ್ಮ ಈಗಿನ ಪದ್ಧತಿ ಎಷ್ಟು ಸಮಯ ಕೊಡುತ್ತದೆ? ಹದಿನೆಂಟು ತುಂಬಿದ ದಿನ ಎಲ್‌ಎಲ್‌ಗೆ ಅರ್ಜಿ. ಅದು ಕೈಗೆ ಬಂದು 30 ದಿನವಾದರೆ ಪರೀಕ್ಷೆಗೆ ಹೋಗಬಹುದು. ಎಂಟು ಹಾಕಿ ತೋರಿಸಿದರೆ ಲೈಸೆನ್ಸ್. ಹದಿನೇಳು ವರ್ಷ ಹನ್ನೊಂದು ತಿಂಗಳಾದಾಗ ಮುಟ್ಟಬಾರದಾಗಿದ್ದ ಗಾಡಿಯನ್ನು ಕೆಲವೇ ವಾರಗಳಲ್ಲಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಸಬಹುದು. ಬೇಡ ಬೇಡ ಎಂದು ಒಮ್ಮೆಲೇ ಹೂಂ ಎನ್ನುವ ಪದ್ಧತಿ ಇದು. ನಡುವೆ ಮೆಟ್ಟಿಲೇ ಇಲ್ಲ.

ಮೆಟ್ಟಿಲು ಕಟ್ಟಿದವರು

ಬೇರೆ ದೇಶಗಳಲ್ಲಿ ಈ ಮೆಟ್ಟಿಲಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 16ಕ್ಕೆ ಕಲಿಕಾ ಪರವಾನಗಿ ಸಿಗುತ್ತದೆ, ಆದರೆ ಒಬ್ಬರೇ ಕಾರು ಓಡಿಸಲು 18 ಆಗಬೇಕು. ನಡುವೆ ಲೈಸೆನ್ಸ್ ಇರುವ ಹಿರಿಯರು ಪಕ್ಕದಲ್ಲಿ ಕೂತು 120 ಗಂಟೆ ಓಡಿಸಿದ್ದನ್ನು ದಾಖಲಿಸಬೇಕು. ಜರ್ಮನಿಯಲ್ಲಿ 17ಕ್ಕೇ ಕಾರು ಓಡಿಸಬಹುದು, ಪಕ್ಕದಲ್ಲಿ ಮೊದಲೇ ಹೆಸರು ಕೊಟ್ಟ, 30 ವರ್ಷ ದಾಟಿದ ಅನುಭವಿ ಚಾಲಕರು ಇರಬೇಕು. 2011ರಿಂದ ಅಲ್ಲಿ ಇದು ದೇಶಕ್ಕೆಲ್ಲ ಕಾನೂನು.

ಇವು ಕಾರಿನ ನಿಯಮಗಳು. ನಮ್ಮ ಸ್ಕೂಟರಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ತತ್ವ ತರಬಹುದು. 16 ತುಂಬಿದವರಿಗೆ ಗೇರ್ ಇಲ್ಲದ ಸ್ಕೂಟರಿಗೆ ಕಲಿಕಾ ಪರವಾನಗಿ ಕೊಡಲಿ, ಸಿಸಿಯನ್ನು ಇವತ್ತಿನ ಗಾಡಿಗಳಿಗೆ ಹೊಂದಿಸಲಿ. ಹಿಂದಿನ ಸೀಟಿನಲ್ಲಿ ಲೈಸೆನ್ಸ್ ಇರುವ ಅಪ್ಪನೋ ಅಮ್ಮನೋ ಇರಲೇಬೇಕು, ಗೆಳೆಯರು ಕೂರಬಾರದು, ಕತ್ತಲಾದ ಮೇಲೆ ಓಡಿಸಬಾರದು. ಇಷ್ಟು ಗಂಟೆ ಎಂದು ದಾಖಲೆ ಇರಲಿ. ಮಳೆಗಾಲದಲ್ಲಿ ಓಡಿಸಿದ ಗಂಟೆಗಳೂ ಅದರಲ್ಲಿ ಇರಲಿ. ಒಬ್ಬರೇ ಓಡಿಸುವ ಕೀ ಮಾತ್ರ ಹದಿನೆಂಟಕ್ಕೇ. ಆ ವಯಸ್ಸನ್ನು ಇಳಿಸಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಬಸ್ಸಿನ ಮಾತು

ಇಷ್ಟು ಹೇಳಿದ ಮೇಲೂ ತಂಗಿಯ ಪ್ರಶ್ನೆ ಹಾಗೇ ಇದೆ: "ಅಲ್ಲಿ ತನಕ ನಾನು ಕಾಲೇಜಿಗೆ ಹೋಗೋದು ಹೇಗೆ?" ಈ ಪ್ರಶ್ನೆಯನ್ನು ಸರ್ಕಾರವೂ ಕೇಳಿಸಿಕೊಳ್ಳಬೇಕು. ಕಾರ್ಮಿಕರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆ ಮಲೆನಾಡಿನ ಒಳದಾರಿಗಳಿಗೆ ಬಸ್ಸು ಬಿಟ್ಟಿತ್ತು. 2020ರಲ್ಲಿ ನಷ್ಟದಿಂದ ಅದು ನಿಂತುಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಆದರೆ ಉಚಿತ ಟಿಕೆಟ್ ಸಿಗುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆಯ ಎಷ್ಟೋ ಊರುಗಳಿಗೆ ಬರುವುದು ಖಾಸಗಿ ಬಸ್ಸು ಮಾತ್ರ, ಕೆಲವು ಊರಿಗೆ ಅದೂ ಇಲ್ಲ. ಕಾಲೇಜು ಬಿಡುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ತಾಳೆಯಾಗದಿದ್ದರೆ ಹುಡುಗಿಯರು ಕತ್ತಲಲ್ಲಿ ನಡೆಯಬೇಕು, ಇಲ್ಲವೇ ಹಾಸ್ಟೆಲ್ ಹುಡುಕಬೇಕು, ಇಲ್ಲವೇ ಓದು ಬಿಡಬೇಕು. ಹದಿನಾರರವರಿಗೆ ಗಾಡಿ ಕೊಡಬೇಡಿ ಎಂದು ಪೋಷಕರಿಗೆ 25 ಸಾವಿರ ದಂಡ ಹಾಕುವ ವ್ಯವಸ್ಥೆಗೆ ಅವರನ್ನು ಕಾಲೇಜಿಗೆ ತಲುಪಿಸುವ ಹೊಣೆಯೂ ಇದೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಆಗಿರುವ ತೀರ್ಮಾನ ಇದು. ಬೆಳಿಗ್ಗೆ ಸಂಜೆ ಅಪ್ಪಯ್ಯ ಬಸ್ಸು ನಿಲ್ಲುವ ಜಾಗದ ತನಕ ಬೈಕಿನಲ್ಲಿ ಬಿಟ್ಟು, ಕರೆದು ತರುತ್ತಾರೆ. ಕೊನೆ ಕೊಯ್ಲಿನ ದಿನಗಳಲ್ಲಿ ಇದು ಸುಲಭವಲ್ಲ. ಆಳುಗಳನ್ನು ತೋಟದಲ್ಲಿ ಬಿಟ್ಟು ಬರಬೇಕಾಗುತ್ತದೆ. ಗೇಟಿನ ಒಳಗಿನ ನಮ್ಮದೇ ಅಂಗಳದಲ್ಲಿ, ಅಡಿಕೆ ಹರವದ ದಿನಗಳಲ್ಲಿ, ಅಪ್ಪಯ್ಯ ಪಕ್ಕದಲ್ಲೇ ನಿಂತು ತಂಗಿಗೆ ಹೆಲ್ಮೆಟ್ ಹಾಕಿಸಿ ಸ್ಕೂಟರ್ ಹಿಡಿಸುತ್ತಾರೆ. ಗೇಟು ದಾಟುವಂತಿಲ್ಲ. ಅವಳಿಗೆ ಇದು ಪೂರ್ತಿ ಸಮಾಧಾನ ತಂದಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಹದಿನಾರು, ಹದಿನೇಳರಲ್ಲಿರುವ ಓದುಗರಿಗೆ ನಾನು ಹೇಳುವುದಿಷ್ಟೆ. ಈ ಎರಡು ವರ್ಷವನ್ನು ಬರೀ ಕಾಯುವ ಕಾಲ ಎಂದುಕೊಳ್ಳಬೇಡಿ. ಸೈಕಲ್ ತುಳಿಯಿರಿ, ರಸ್ತೆ ಓದುವುದನ್ನು ಅದು ಕಲಿಸುತ್ತದೆ. ಅಪ್ಪನ ಹಿಂದೆ ಕೂತಾಗ ಮೊಬೈಲ್ ನೋಡುವ ಬದಲು ತಿರುವಿನಲ್ಲಿ ಅವರು ಎಲ್ಲಿ ಹಾರ್ನ್ ಮಾಡುತ್ತಾರೆ, ಎಲ್ಲಿ ಬ್ರೇಕ್ ಹಿಡಿಯುತ್ತಾರೆ ಎಂದು ಗಮನಿಸಿ. ಸಂಚಾರ ಚಿಹ್ನೆಗಳನ್ನು ಈಗಲೇ ಕಲಿಯಿರಿ. ಹದಿನೆಂಟು ತುಂಬಿದ ಮರುದಿನವೇ ಎಲ್‌ಎಲ್‌ಗೆ ಅರ್ಜಿ ಹಾಕಿ, ಪರೀಕ್ಷೆಗೆ 30 ದಿನ ಸಾಕು ಎಂದಿದ್ದರೂ ಆರು ತಿಂಗಳ ಅವಧಿಯನ್ನು ಪೂರ್ತಿ ಅಭ್ಯಾಸಕ್ಕೆ ಬಳಸಿ. ಕಾನೂನು ಮೆಟ್ಟಿಲು ಕಟ್ಟುವ ತನಕ ನಮ್ಮ ನಮ್ಮ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕು.