ನೀರಿಗೆ ಪಂಚಾಂಗವಿದೆ, ಗಾಳಿಗಿಲ್ಲ

ಆಷಾಢದಲ್ಲಿ ತಮಿಳುನಾಡಿನ ಒಡ್ಡನ್‌ಛತ್ರಂನ ನುಗ್ಗೆ ತೋಟಗಳ ಮೇಲೆ ಬೀಸುವ ಪಡುಗಾಳಿ ಹುಟ್ಟುವುದು ಅರಬ್ಬಿ ಸಮುದ್ರದಲ್ಲಿ. ಪಾಲಕ್ಕಾಡಿನ ಬಳಿ ಘಟ್ಟದ ಸಾಲು ಕಡಿದುಹೋದ ಕಂಡಿಯಲ್ಲಿ ಅದು ನುಗ್ಗಿ ಬರುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ರಭಸಗೊಳ್ಳುವ ಹಾಗೆಯೇ ಭೂಶಿರದ ತುದಿಯಲ್ಲಿ ಉಬ್ಬರದ ನೀರೂ ರಭಸಗೊಳ್ಳುತ್ತದೆ. ಹಾಯಿದೋಣಿಯ ಪಂದ್ಯದಲ್ಲಿ ಈ ಎರಡನ್ನೂ ಒಟ್ಟಿಗೆ ಸಂಭಾಳಿಸಬೇಕು.

1925ರಲ್ಲಿ ಶುರುವಾದ ಫಾಸ್ಟ್‌ನೆಟ್ ಪಂದ್ಯವನ್ನೇ ನೋಡಿ. ಇಂಗ್ಲೆಂಡಿನ ಕೌಸ್‌ನಿಂದ ಹೊರಟು, ಐರ್ಲೆಂಡಿನ ತೆಂಕಣ ಕಡಲಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ, ಈಗ ಫ್ರಾನ್ಸಿನ ಶೆರ್ಬೂರ್‌ನಲ್ಲಿ ಮುಗಿಯುವ ಹಾದಿ. ಅಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಸೆಳೆತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇದೆಲ್ಲ ವರ್ಷ ಮೊದಲೇ ಲೆಕ್ಕಹಾಕಿ ಅಚ್ಚಾಗಿರುತ್ತದೆ. ದೋಣಿ 5 ನಾಟ್ (ಗಂಟೆಗೆ 5 ಕಡಲ ಮೈಲಿ) ವೇಗದಲ್ಲಿ ಓಡುತ್ತಿದ್ದು ಸೆಳೆತ 3 ನಾಟ್ ಇದ್ದರೆ, ನೀರು ಜತೆಗಿದ್ದಾಗ 8, ಎದುರಾದಾಗ 2. ಹಾಗಾಗಿ ಪೋರ್ಟ್‌ಲ್ಯಾಂಡ್ ಬಿಲ್‌ನಂಥ ಭೂಶಿರವನ್ನು ನೀರು ತಿರುಗುವ ಮೊದಲೇ ದಾಟಿದ ದೋಣಿಗೂ ಅರ್ಧ ಗಂಟೆ ತಡವಾಗಿ ಬಂದದ್ದಕ್ಕೂ ಮುಂದೆ ಹಲವು ಗಂಟೆಗಳ ಅಂತರ ಬೀಳಬಹುದು. ಎದುರು ನೀರಿನಲ್ಲೇ ಹೋಗಬೇಕಾದರೆ ದಡದ ಹತ್ತಿರ ಸರಿಯುತ್ತಾರೆ. ಆಳ ಕಡಿಮೆ ಇರುವಲ್ಲಿ ಸೆಳೆತವೂ ಕಡಿಮೆ.

ಅಡ್ಡ ಹರಿಯುವ ನೀರಿನಲ್ಲಿ ಹೊಸಬರು ತಪ್ಪುವುದುಂಟು. ಆರು ಗಂಟೆ ಮೂಡಣಕ್ಕೆ, ಆರು ಗಂಟೆ ಪಡುವಣಕ್ಕೆ ಸೆಳೆಯುವ ಕಾಲುವೆಯನ್ನು ದಾಟುವಾಗ ಪ್ರತಿ ಗಂಟೆಯೂ ಚುಕ್ಕಾಣಿ ತಿದ್ದುತ್ತಾ ನೇರ ಗೆರೆಯಲ್ಲೇ ಹೋಗಲು ಹೆಣಗುತ್ತಾರೆ. ಬಲ್ಲವರು ಎರಡು ಸೆಳೆತಗಳನ್ನು ಕೂಡಿ ಕಳೆದು, ಉಳಿದಷ್ಟನ್ನು ಮಾತ್ರ ತಿದ್ದಿ, ಒಂದೇ ದಿಕ್ಕು ಹಿಡಿಯುತ್ತಾರೆ. ಭೂಪಟದ ಮೇಲೆ ಹಾದಿ ಡೊಂಕಾಗಿ ಕಂಡರೂ ನೀರಿನ ಮೇಲೆ ಓಡಿದ ದೂರ ಅದೇ ಕಡಿಮೆ. ನನಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಈ ಲೆಕ್ಕ.

ಗಾಳಿಗೆ ಇಂಥ ಪಂಚಾಂಗವಿಲ್ಲ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆಯ ಹಾಗೆ ತಿರುತಿರುಗಿ ಏರಬೇಕು. ಗಾಳಿ 10 ಡಿಗ್ರಿ ಹೊರಳಿದರೆ ಒಂದು ಓರೆ ಗುರಿಗೆ ಹತ್ತಿರವಾಗುತ್ತದೆ, ಇನ್ನೊಂದು ದೂರ. ಅತ್ತಿತ್ತ ತೂಗುವ ಗಾಳಿಯಾದರೆ ದೋಣಿಯ ಮೂತಿ ಗುರಿಯಿಂದ ಆಚೆ ಸರಿದಾಗಲೆಲ್ಲ ಓರೆ ಬದಲಿಸುವುದು ಸರಿ. ಒಂದೇ ಕಡೆಗೆ ಹೊರಳುತ್ತಾ ಹೋಗುವ ಗಾಳಿಯಾದರೆ, ಸದ್ಯಕ್ಕೆ ನಷ್ಟ ಕಂಡರೂ ಆ ಕಡೆಗೇ ಮೊದಲು ಹೋಗಿರಬೇಕು. ಮಂಗಳೂರಿನ ಕಡಲಗಾಳಿ ಬೇಸಗೆಯಲ್ಲಿ ಹೊತ್ತೇರಿದ ಮೇಲೆ ಪಡುವಣದಿಂದ ಹುಟ್ಟಿ ಬರಬರುತ್ತಾ ವಾಯವ್ಯಕ್ಕೆ ವಾಲುವುದು ಈ ಎರಡನೆಯ ಬಗೆ.

ನಡುಗಡಲಿನಲ್ಲಿ ಉಬ್ಬರದ ಸೆಳೆತ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹೆಚ್ಚಿನದೆಲ್ಲ ಗಾಳಿ. ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಜಿಪಿಎಸ್ ನೋಡುವಂತಿಲ್ಲ. ಗಾಳಿಯನ್ನು ಅಂದಾಜಿಸಲು ವಾಯುಭಾರ ಮಾಪಕದ ಮುಳ್ಳು, ಮೋಡ, ಅಲೆಗಳೇ ಮುಖ್ಯ ಆಧಾರ. 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟು ತಿಂದ ಭಾರತದ ನಾವಿಕ ಅಭಿಲಾಷ್ ಟೋಮಿ ಮುಂದಿನ ಪಂದ್ಯದಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು.

ಗಾಳಿ, ನೀರು ಎದುರುಬದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಇಳಿತದ ಹೊತ್ತಿಗೆ ಪಡುಗಾಳಿಗೆ ಮುಖವೊಡ್ಡಿ ಅಳಿವೆ ದಾಟುವ ನಮ್ಮ ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು. ಗಾಳಿ ತೀರ ಕುಗ್ಗಿ ನೀರು ಎದುರಾದಾಗ ಮಾತ್ರ ಮಾಡುವುದು ಒಂದೇ: ಸದ್ದಿಲ್ಲದೆ ಲಂಗರು ಇಳಿಸುವುದು. ದೋಣಿ 2 ನಾಟ್, ಸೆಳೆತ 3 ನಾಟ್ ಇದ್ದಲ್ಲಿ ಲಂಗರು ಹಾಕಿ ನಿಂತವರು ಉಳಿದವರಿಗಿಂತ ಗಂಟೆಗೊಂದು ಕಡಲ ಮೈಲಿಯಂತೆ ಮುಂದಾಗುತ್ತಾರೆ. ಹಾಯಿ ಬಿಚ್ಚಿಕೊಂಡೇ ಇದ್ದವರು ಹಿಂದೆ ಜಾರುತ್ತಿರುತ್ತಾರೆ.