ಕೈಗೆ ಕಸುಬು, ಬೆನ್ನಿಗೆ ಹಿರಿಯರು

ಬೆಂಕಿಗೆ ತನ್ನದೆಂಬ ಹಗೆಯಿಲ್ಲ. ಒಲೆಯಲ್ಲಿದ್ದರೆ ಅನ್ನ ಬೇಯಿಸುತ್ತದೆ, ಬಣವೆಗೆ ಬಿದ್ದರೆ ವರ್ಷದ ದುಡಿಮೆಯನ್ನು ಬೂದಿ ಮಾಡುತ್ತದೆ. ಯೌವನವೂ ಹಾಗೆಯೇ. ಆ ವಯಸ್ಸಿನಲ್ಲಿ ಶರೀರದಲ್ಲಿ ಶಕ್ತಿ ತುಂಬಿರುತ್ತದೆ, ಮನಸ್ಸಿನಲ್ಲಿ ಅಭಿಮಾನ ಉಕ್ಕುತ್ತಿರುತ್ತದೆ, ವಿವೇಕ ಮಾತ್ರ ಇನ್ನೂ ಕಾಯಾಗಿರುತ್ತದೆ. ಆ ಬೆಂಕಿಗೆ ಒಲೆ ಹೂಡಿಕೊಡುವುದು ಹಿರಿಯರ ಧರ್ಮ.

ಮಠಕ್ಕೆ ಬರುವ ತಾಯಂದಿರು ಹಿಂದೆ ಮಗಳ ಮದುವೆ, ಮಳೆ, ಬೆಳೆಗಳ ಚಿಂತೆ ಹೇಳಿಕೊಳ್ಳುತ್ತಿದ್ದರು. ಈಗ ಹೆಚ್ಚಾಗಿ ಮಗನ ಚಿಂತೆ. "ಅಜ್ಜಾರ, ಹುಡುಗ ಸಾಲಿ ಬಿಟ್ಟ, ದುಡಿಯಾಕ ಹೋಗವಲ್ಲ, ಯಾರರ ಕರದ್ರ ಜಗಳಕ್ಕ ನಿಂದರ್ತಾನ. ನೀವರ ಬುದ್ಧಿ ಹೇಳ್ರಿ" ಎಂದು ಕಣ್ಣೀರು ಹಾಕುತ್ತಾರೆ. ನಾವು ವಿಭೂತಿ ಕೊಡುತ್ತೇವೆ, ಬುದ್ಧಿಯನ್ನೂ ಹೇಳುತ್ತೇವೆ. ಆದರೆ ಬುದ್ಧಿಮಾತು ಕೇಳಿ ಹೊರಟ ಹುಡುಗನಿಗೆ ಮರುದಿನ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು. ಅದಿಲ್ಲದಿದ್ದರೆ ಉಪದೇಶವೆಲ್ಲ ಮಠದ ಮೆಟ್ಟಿಲಲ್ಲೇ ಉಳಿದುಹೋಗುತ್ತದೆ.

ಕೆಲಸ ಕಲಿಸಿದ ಮಾತ್ರಕ್ಕೆ ಹೊಡೆದಾಟ ನಿಲ್ಲುತ್ತದೆಯೇ ಎಂದು ಕೇಳುವವರುಂಟು. ಯೋಗ್ಯವಾದ ಪ್ರಶ್ನೆಯೇ. ಇದನ್ನು ಬರೀ ನಂಬಿಕೆಯ ಮೇಲೆ ಬಿಡದೆ ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕ ದೇಶದ ಚಿಕಾಗೋ ನಗರದಲ್ಲಿ ಬಂದೂಕಿನ ಹಾವಳಿ ಬಹಳ. 2012ರ ಬೇಸಿಗೆಯಲ್ಲಿ, ಹಿಂಸೆ ಹೆಚ್ಚಾಗಿದ್ದ ಭಾಗದ 13 ಶಾಲೆಗಳಿಂದ 1,634 ಹುಡುಗ ಹುಡುಗಿಯರು ರಜೆಯ ಕೆಲಸಕ್ಕೆ ಅರ್ಜಿ ಹಾಕಿದರು. ಚೀಟಿ ಎತ್ತಿದಂತೆ ಅವರಲ್ಲಿ 730 ಮಂದಿಯನ್ನು ಆರಿಸಿ ಎಂಟು ವಾರಗಳ ಕೆಲಸ ಕೊಡಲು ಮುಂದಾದರು. ಮಕ್ಕಳ ಶಿಬಿರ, ತೋಟ, ಕಚೇರಿ, ಹೀಗೆ ಸಾಮಾನ್ಯ ಕೆಲಸಗಳೇ. ಆದರೆ ಹೊತ್ತಿಗೆ ಸರಿಯಾಗಿ ಬರುವುದು ಹೇಗೆ, ಮೇಲಿನವರು ಗದರಿದರೆ ನಡೆದುಕೊಳ್ಳುವುದು ಹೇಗೆ ಎಂದು ತಿಳಿಸಿಕೊಡಲು ಜೊತೆಗೆ ಹಿರಿಯರೊಬ್ಬರನ್ನು ನೇಮಿಸಿದ್ದರು.

ಮುಂದಿನ 16 ತಿಂಗಳ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿದಾಗ, ಚೀಟಿಯಲ್ಲಿ ಹೆಸರು ಬಂದವರಲ್ಲಿ ಹಿಂಸೆಯ ಅಪರಾಧಕ್ಕಾಗಿ ಆದ ಬಂಧನಗಳು ಉಳಿದವರಿಗಿಂತ ಶೇಕಡಾ 43ರಷ್ಟು ಕಡಿಮೆಯಾಗಿದ್ದವು. ಭಕ್ತರು ಗಮನಿಸಬೇಕಾದುದು ಇನ್ನೊಂದಿದೆ. ಈ ಇಳಿತ ಹೆಚ್ಚಾಗಿ ಕಂಡದ್ದು ಎಂಟು ವಾರಗಳ ಕೆಲಸ ಮುಗಿದ ಮೇಲೆ. ಅಂದರೆ ಹೊತ್ತು ಕಳೆಯಲು ಕೆಲಸವಿತ್ತು, ಅದಕ್ಕೇ ಸುಮ್ಮನಿದ್ದರು ಎನ್ನುವಂತಿಲ್ಲ. ಕಳ್ಳತನದಂಥ ಬೇರೆ ಅಪರಾಧಗಳಲ್ಲಿ ಅಂಥ ಇಳಿತ ಕಾಣಲಿಲ್ಲ. ಕೆಲಸವೇ ಸರ್ವರೋಗಕ್ಕೂ ಮದ್ದೆಂದು ನಾವೂ ಹೇಳುವುದಿಲ್ಲ. ಆದರೆ ಎತ್ತಿದ ಕೈಯನ್ನು ಇಳಿಸುವ ಸಂಯಮ ಕೆಲಸದ ಜಾಗದಲ್ಲಿ, ಹಿರಿಯರ ಕಣ್ಣಳತೆಯಲ್ಲಿ ಅಭ್ಯಾಸವಾಗುತ್ತದೆ ಎಂಬುದು ನಮಗೆ ತೋರುವ ಅರ್ಥ.

ಅದು ಶಾಲೆಯ ಮಕ್ಕಳ ಮಾತಾಯಿತು. ಆಗಲೇ ಆಯುಧ ಹಿಡಿದವರ ಗತಿಯೇನು? ಆಫ್ರಿಕಾದ ಲೈಬೀರಿಯಾದಲ್ಲಿ 1989ರಲ್ಲಿ ಆರಂಭವಾದ ಅಂತಃಕಲಹ 2003ರಲ್ಲಿ ಮುಗಿಯಿತು. ಯುದ್ಧ ನಿಂತರೂ ಅದರಲ್ಲಿ ಹೋರಾಡಿದ್ದ ಎಷ್ಟೋ ಯುವಕರು ಕಳ್ಳಗಣಿ ಮುಂತಾದ ಅಕ್ರಮ ದಂಧೆಗಳಲ್ಲಿ ಉಳಿದರು. 2009ರಲ್ಲಿ ಅಂಥವರನ್ನು ಕೆಲವು ತಿಂಗಳು ಒಂದೆಡೆ ಇರಿಸಿ, ಬೇಸಾಯ ಕಲಿಸಿ, ತಿಳಿವಳಿಕೆ ಹೇಳಿ, ಬೀಜ, ಸಲಕರಣೆ ಕೊಡುವ ಏರ್ಪಾಡಾಯಿತು. ಅವರು ಅಕ್ರಮ ದಂಧೆಯನ್ನು ಪೂರ್ತಿ ಬಿಡಲಿಲ್ಲ. ಆದರೆ ಅದಕ್ಕೆ ಕೊಡುತ್ತಿದ್ದ ಹೊತ್ತಿನಲ್ಲಿ ಸುಮಾರು ಐದನೆಯ ಒಂದು ಪಾಲು ತಗ್ಗಿತು. ಕೆಲವರಿಗೆ ಸಲಕರಣೆ ಸಕಾಲಕ್ಕೆ ಸಿಗದೆ, ಮುಂದೆ ಕೊಡುವುದಾಗಿ ಮಾತು ಕೊಡಲಾಗಿತ್ತು. ಅಷ್ಟರಲ್ಲಿ 2010-11ರಲ್ಲಿ ನೆರೆಯ ಐವರಿ ಕೋಸ್ಟ್‌ನಲ್ಲಿ ಯುದ್ಧ ಹೊತ್ತಿಕೊಂಡು, ಕೂಲಿಗೆ ಕಾದಾಡುವವರನ್ನು ಹುಡುಕಿಕೊಂಡು ದಲ್ಲಾಳಿಗಳು ಬಂದರು. ಆಗ ಹೆಚ್ಚಾಗಿ ದೂರ ಉಳಿದವರು ಯಾರು? ಬರಬೇಕಾದ ಆ ನೆರವಿಗಾಗಿ ಕಾಯುತ್ತಿದ್ದವರು. ನಾಳೆ ಬರುವುದೊಂದಿದೆ ಎಂಬ ಭರವಸೆ ಇದ್ದವನು ಇಂದು ಪ್ರಾಣವನ್ನು ಪಣಕ್ಕೊಡ್ಡುವುದಿಲ್ಲ.

ದೂರದ ದೇಶಗಳ ಈ ಪಾಠವನ್ನು ನಮ್ಮ ಹಳ್ಳಿಯಲ್ಲಿ ಆಚರಿಸುವುದು ಹೇಗೆ? ಅದಕ್ಕೆ ದಾರಿ ನಮ್ಮ ನಾಡಿನಲ್ಲೇ ಇದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಅದು ಹುಟ್ಟಿದ್ದು ನಿರುದ್ಯೋಗಕ್ಕೆ ಪರಿಹಾರವಾಗಿ. ಊಟ ವಸತಿಯೊಡನೆ ಉಚಿತವಾಗಿ ಕಸುಬು ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿ, ಕಲಿತು ಹೋದವರನ್ನು ಎರಡು ವರ್ಷ ವಿಚಾರಿಸಿಕೊಳ್ಳುವುದು ಅದರ ಕ್ರಮ. ಅದೇ ಮಾದರಿಯಲ್ಲಿ 2009ರಿಂದ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದಿವೆ. ಪ್ರಮಾಣಪತ್ರ ಕೊಟ್ಟು ಕೈ ತೊಳೆದುಕೊಳ್ಳದೆ, ಎರಡು ವರ್ಷ ಬೆನ್ನಿಗೆ ನಿಲ್ಲುವುದರಲ್ಲಿಯೇ ಅದರ ಸತ್ವವಿದೆ.

ಶರಣರ ಹೆಸರುಗಳನ್ನು ನೆನೆಯಿರಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ. ಕಾಯಕ ಮುಂದೆ, ಹೆಸರು ಹಿಂದೆ. ಮನುಷ್ಯನಿಗೆ ಊರಿನಲ್ಲಿ ಗುರುತು ಬೇಕು. ಕಸುಬಿನಿಂದ ಹೆಸರು ಪಡೆಯದ ಹುಡುಗ ಠಾಣೆಯ ಪುಸ್ತಕದಲ್ಲಿ ಹೆಸರು ಪಡೆಯುತ್ತಾನೆ. ಅಲ್ಲಿ ಒಮ್ಮೆ ಬರೆದ ಹೆಸರನ್ನು ಅಳಿಸುವುದು ಎಷ್ಟು ಕಷ್ಟವೆಂದು ಹೆತ್ತವರಿಗೇ ಗೊತ್ತು.

ಆದ್ದರಿಂದ ಊರ ಹಿರಿಯರಿಗೆ ನಾವು ಹೇಳುವುದು ಇಷ್ಟೆ. ಓಣಿಯಲ್ಲಿ ದಾರಿ ತಪ್ಪುತ್ತಿರುವ ಒಬ್ಬ ಹುಡುಗನನ್ನು ಗುರುತಿಸಿರಿ. ಅವನ ಕೈ ಹಿಡಿದು ಜಿಲ್ಲೆಯ ತರಬೇತಿ ಸಂಸ್ಥೆಗೆ ನೀವೇ ಕರೆದೊಯ್ಯಿರಿ. ಕಲಿತು ಬಂದಾಗ ಮೊದಲ ಕೆಲಸವನ್ನು ನೀವೇ ಕೊಡಿರಿ, ಪಂಪಿನ ಮೋಟಾರು ಕೆಟ್ಟರೆ ಅವನನ್ನೇ ಕರೆಯಿರಿ. ಜಾತ್ರೆಯ ಖರ್ಚಿನಲ್ಲಿ ಒಂದು ಪಾಲು ತೆಗೆದು ಅಂಥವನಿಗೆ ಸಲಕರಣೆ ಕೊಡಿಸಿರಿ. ಮೊದಲ ವರ್ಷ ಸೋತರೆ ನಗಬೇಡಿರಿ, ಎರಡನೆಯ ವರ್ಷವೂ ಜೊತೆಗಿರಿರಿ. ಜೈಲು ಕಂಡು ಬಂದವನಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಕಠಿಣವಾದ ಮಾತನ್ನೂ ಹೇಳಬೇಕಾಗಿದೆ. ಹುಡುಗರು ತಾವಾಗಿಯೇ ಬಡಿಗೆ ಹಿಡಿಯುವುದಕ್ಕಿಂತ ನಾವು ಹಿಡಿಸುವುದೇ ಹೆಚ್ಚು. ಬದುವಿನ ವ್ಯಾಜ್ಯಕ್ಕೆ, ಪಂಚಾಯಿತಿ ಚುನಾವಣೆಗೆ ಬಡವರ ಮಕ್ಕಳನ್ನು ಮುಂದೆ ಬಿಟ್ಟು, ತನ್ನ ಮಗನನ್ನು ಪಟ್ಟಣದ ಕಾಲೇಜಿಗೆ ಕಳಿಸುವ ಹಿರಿಯನು ಎಷ್ಟು ಪೂಜೆ ಮಾಡಿದರೂ ಫಲವಿಲ್ಲ. ಬಡಿಗೆ ಕೊಟ್ಟ ಕೈಯೇ ಉಳಿಯನ್ನೂ ಕೊಡಬಲ್ಲದು. ಆ ಸದ್ಬುದ್ಧಿ ಎಲ್ಲರಿಗೂ ಬರಲಿ, ಪ್ರತಿ ಮನೆಯ ಮಗನೂ ಸಂಜೆ ದುಡಿದು ದಣಿದು ಮನೆ ಸೇರಲಿ ಎಂದು ಹಾರೈಸುತ್ತೇವೆ.