ಹಿತ್ತಲ ಗಿಡದ ಪೂರ್ತಿ ಹೆಸರು ಗೊತ್ತೇನ್ರಿ?

ಅಕ್ಕಲಕೋಟ: ಹೋದ ವರ್ಷದ ದೀಪಾವಳಿ ಸೂಟಿಯ ಮಾತು. ಈ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಯ ಹಿತ್ತಲಿನಲ್ಲಿ ಹುಡುಗರು ಆಡುತ್ತಿದ್ದರು. ಬೇಲಿ ಗಿಡದಿಂದ ಉದುರಿದ ಒಣ ಕಾಯಿ ಒಡೆದು, ಒಳಗಿನ ಬೀಜ ಶೇಂಗಾದ ಹಾಗೆ ರುಚಿ ಇದೆ ಎಂದು ಅಕ್ಕನ ಎಂಟು ವರ್ಷದ ಮಗ ಮೂರ್ನಾಲ್ಕು ತಿಂದುಬಿಟ್ಟ. ಒಂದು ತಾಸಿನೊಳಗೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಯಿತು. ಮೋಟಾರ್ ಸೈಕಲ್ ಮೇಲೆ ದವಾಖಾನೆಗೆ ಒಯ್ದೆವು. ಡಾಕ್ಟರ್ ಸಾಹೇಬರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಕಾಯ್ ಖಾಲ್ಲಂ?’

‘ಔಡಲ ಬೀಜ ತಿಂದಾನ್ರಿ’ ಅಂದಳು ಅಕ್ಕ. ಭಾವ ಅದನ್ನೇ ಮರಾಠಿ ಮಾಡಿ ‘ಎರಂಡ’ ಅಂದರು. ಸಂಗಡ ಬಂದಿದ್ದ ನೆರೆಮನೆಯ ಕಾಕಾ ‘ಔಡಲ ಅಲ್ಲವಾ ಅದು, ಚಂದ್ರಜ್ಯೋತ’ ಎಂದು ತಕರಾರು ತೆಗೆದರು. ಹುಡುಗನಿಗೆ ಸಲೈನ್ ಹಚ್ಚುತ್ತಲೇ ಡಾಕ್ಟರು, ‘ವಾದ ಸಾಕು, ಒಬ್ಬರು ಹೋಗಿ ಗಿಡದ ಟೊಂಗೆ ತರ್ರಿ’ ಅಂದರು. ನಾನೇ ಓಡಿದೆ. ಎಲೆ, ಕಾಯಿ ಎರಡೂ ಇದ್ದ ಟೊಂಗೆ ನೋಡಿದ ಕೂಡಲೇ ಅವರು ಹೇಳಿದರು, ‘ಇದು ಮೊಗಲಿ ಎರಂಡ. ಜಟ್ರೋಫಾ.’ ಮರುದಿನ ಸಂಜೆ ಹುಡುಗ ಎದ್ದು ಕೂತು ರೊಟ್ಟಿ ಕೇಳಿದ. ಮನೆಯವರ ಜೀವ ತಿರುಗಿ ಬಂತು.

ಅರ್ಧ ಹೆಸರಿನ ಅಪಾಯ

ಆ ದಿನ ಯಾರೂ ಸುಳ್ಳು ಹೇಳಿರಲಿಲ್ಲ, ಅರ್ಧ ಹೆಸರು ಹೇಳಿದ್ದರು ಅಷ್ಟೇ. ಕನ್ನಡದಲ್ಲಿ ಈ ಗಿಡ ಕಾಡ ಔಡಲ ಅಥವಾ ಕಾಡಹರಳು. ಮರಾಠಿಯಲ್ಲಿ ಮೊಗಲಿ ಎರಂಡ. ಎರಡೂ ಭಾಷೆಯಲ್ಲಿ ಮುಂದಿನ ಪದ ಬಿಟ್ಟರೆ ಉಳಿಯುವುದು ಬೇರೆಯೇ ಗಿಡ! ಎಣ್ಣೆ ತೆಗೆಯುವ ಖರೆ ಔಡಲದ ಬೀಜದಲ್ಲಿರುವ ರೈಸಿನ್ ಇನ್ನೂ ತೀಕ್ಷ್ಣ ವಿಷ. ಅಗಿದು ತಿಂದರೆ ಅದರ ಪರಿಣಾಮ ತಡವಾಗಿಯೂ ಕಾಣಬಹುದು, ಹೆಚ್ಚು ಹೊತ್ತು ನಿಗಾ ಬೇಕು. ಹೀಗಾಗಿ ಡಾಕ್ಟರಿಗೆ ಟೊಂಗೆ ಬೇಕಾಗಿತ್ತು.

ಎರಡರ ಗುರುತು ಕಷ್ಟವಲ್ಲ. ಔಡಲದ ಎಲೆ ಅಂಗೈಯಂತೆ ಆಳವಾಗಿ ಸೀಳಿದ್ದು, ಅಂಚು ಗರಗಸದಂತೆ ಇರುತ್ತದೆ. ಕಾಯಿಯ ಮೇಲೆ ಸಾಮಾನ್ಯವಾಗಿ ಮುಳ್ಳಿನಂಥ ರೋಮ, ಬೀಜ ಹೊಳಪಿನದು, ಚುಕ್ಕೆ-ಗೆರೆ ಇರುವಂಥದ್ದು. ಕಾಡ ಔಡಲದ ಎಲೆಯ ಸೀಳು ಕಡಿಮೆ, ಅಂಚು ನುಣುಪು. ಕಾಯಿ ನುಣ್ಣಗೆ ದುಂಡಗಿದ್ದು, ಹಣ್ಣಾದಾಗ ಹಳದಿ, ಒಣಗಿದಾಗ ಕಪ್ಪು. ಬೀಜವೂ ಕಪ್ಪು.

ಈ ಗಿಡ ನಮ್ಮ ಬೇಲಿಗೆ ಬಂದದ್ದಕ್ಕೂ ಕಾರಣವಿದೆ. ದನ, ಆಡು ಇದನ್ನು ತಿನ್ನುವುದಿಲ್ಲ, ನೀರಿಲ್ಲದಿದ್ದರೂ ಬದುಕುತ್ತದೆ. ಮೇಲಾಗಿ 2003ರಲ್ಲಿ ಯೋಜನಾ ಆಯೋಗದ ಸಮಿತಿ ಬಯೋಡೀಸೆಲ್‌ಗಾಗಿ ಜಟ್ರೋಫಾ ಬೆಳೆಸಲು ಶಿಫಾರಸು ಮಾಡಿದ ಮೇಲೆ ದೇಶದ ಅನೇಕ ಕಡೆ ಇದನ್ನು ನೆಟ್ಟರು. ಡೀಸೆಲ್ಲಿನ ಆಸೆ ಫಲಿಸಲಿಲ್ಲ, ಗಿಡ ಮಾತ್ರ ಉಳಿದವು.

ದೇವರಿಗೆ ಏರಿಸುವ ಹೂವಿನಲ್ಲೂ

ಹಿತ್ತಲಿನಲ್ಲಿ ಗುರುತಿಟ್ಟುಕೊಳ್ಳಬೇಕಾದ ಗಿಡ ಇನ್ನೂ ಇವೆ. ಪೂಜೆಗೆಂದು ಬೆಳೆಸುವ ಕಣಗಿಲೆ (ಮರಾಠಿಯ ಕಣ್ಹೇರ) ಮತ್ತು ಗಂಟೆಯಂಥ ಹಳದಿ ಹೂವಿನ ಕಾಡು ಕಣಗಿಲೆ (ಬಿಟ್ಟಿ) ಎರಡರಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ. ಶಿವನಿಗೆ ಏರಿಸುವ ದತ್ತೂರಿ (ಧೋತರಾ) ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮಾತು ಹಳಿ ತಪ್ಪುತ್ತದೆ. ಅಕ್ಕಸಾಲಿಗರು ಹಿಂದೆ ತೂಕಕ್ಕೆ ಬಳಸುತ್ತಿದ್ದ ಕೆಂಪು-ಕಪ್ಪು ಗುಲಗಂಜಿ (ಗುಂಜ) ಅಗಿದರೆ ಪ್ರಾಣಕ್ಕೇ ಕುತ್ತು. ಒಂದೊಂದು ವಿಷಕ್ಕೂ ಉಪಚಾರ ಬೇರೆ. ಹಾಗಾಗಿ ‘ಏನೋ ಕಾಯಿ ತಿಂದಾನ’ ಅಂದರೆ ಡಾಕ್ಟರಿಗೆ ಅರ್ಧ ದಾರಿಯೇ ಕಾಣುವುದಿಲ್ಲ.

ಹಾಗಂತ ಇವನ್ನೆಲ್ಲ ಕಡಿದು ಒಗೆಯಬೇಕಾಗಿಲ್ಲ. ಮಕ್ಕಳಿಗೆ ತೋರಿಸಿ ‘ಇದು ಪೂಜಿಗೆ, ಬಾಯಿಗಲ್ಲ’ ಎಂದು ಹೇಳಿಕೊಡಬೇಕು.

ಮದ್ದಿಗೂ ಗುರುತು ಬೇಕು

‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ. ಕೊರೊನಾ ಕಾಲದಲ್ಲಿ ಇದು ತಿರುವುಮುರುವಾಗಿ, ಕಂಡ ಬಳ್ಳಿಯೆಲ್ಲ ಅಮೃತಬಳ್ಳಿ ಆಯಿತು. ಮರಾಠಿಯ ಗುಳವೇಲ ಇದೇ. ಇದನ್ನು ಸೇವಿಸಿದ ಕೆಲವರಲ್ಲಿ ಲಿವರ್ ತೊಂದರೆ ಕಂಡದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತ, ಆದರೆ ಅದರಂತೆಯೇ ಕಾಣುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಹಾನಿ ಮಾಡಬಹುದು ಎಂದು 2022ರ ಫೆಬ್ರವರಿಯಲ್ಲಿ ಕೇಂದ್ರ ಆಯುಷ್ ಸಚಿವಾಲಯ ತಿಳಿಸಿತು. ಅದು ಕೊಟ್ಟ ಗುರುತು ಹೀಗೆ: ಅಮೃತಬಳ್ಳಿಯ ಕಾಂಡ ಹಸಿರು, ಹಾಲು ಬರುವುದಿಲ್ಲ, ಹಣ್ಣು ದುಂಡಗೆ ಕೆಂಪು. ಇನ್ನೊಂದರ ಕಾಂಡ ಬೂದುಬಣ್ಣ, ಮೈತುಂಬ ಗುಳ್ಳೆಯಂಥ ಗಂಟು, ಹಾಲಿನಂಥ ರಸ. ಗುರುತು ಸರಿಯಿದ್ದರೂ ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಗೊತ್ತಿಲ್ಲದ ಗಿಡ ಕಂಡರೆ

ಗಡಿಯಲ್ಲಿರುವ ನಮಗೆ ಒಂದು ಲಾಭವಿದೆ. ಒಂದೇ ಗಿಡಕ್ಕೆ ಎರಡು ಹೆಸರು ಗೊತ್ತು. ಎಕ್ಕೆ ಅಂದರೆ ರುಯಿ, ಉತ್ತರಾಣಿ ಅಂದರೆ ಆಘಾಡಾ, ಕಾಂಗ್ರೆಸ್ ಕಸ ಅಂದರೆ ಗಾಜರ ಗವತ. ಎರಡೂ ಹೆಸರು ಬರೆದಿಡಿ, ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ಎರಡಕ್ಕೂ ಮೇಲೆ ಲ್ಯಾಟಿನ್ ಹೆಸರು ಸಿಕ್ಕರೆ ಸೊಲ್ಲಾಪುರದಲ್ಲೂ ವಿಜಾಪುರದಲ್ಲೂ ಅದು ಒಂದೇ.

ಹೆಸರು ಗೊತ್ತಿಲ್ಲದಿದ್ದರೆ ಎಲೆ, ಹೂವು, ಸಾಧ್ಯವಾದರೆ ಕಾಯಿಯೂ ಇರುವ ಒಂದು ಟೊಂಗೆ ಮುರಿದುಕೊಳ್ಳಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಕೆಲವು ಗಿಡದ ಹಾಲು ಕಣ್ಣಿಗೆ ತಾಗಿದರೆ ಉರಿ. ಹಳೆ ಪೇಪರಿನ ನಡುವೆ ಹರವಿ ಮೇಲೆ ಭಾರ ಇಡಿ, ದಿನಾ ಪೇಪರು ಬದಲಿಸಿ. ಒಂದೆರಡು ವಾರದಲ್ಲಿ ಒಣಗುತ್ತದೆ. ಪಕ್ಕದಲ್ಲಿ ಊರು, ತಾರೀಖು, ಗಿಡದ ಎತ್ತರ, ಹೂವಿನ ಬಣ್ಣ, ಹಾಲು ಬರುತ್ತದೋ ಇಲ್ಲವೋ ಎಂದು ಬರೆಯಿರಿ. ಒಣಗಿದ ಮೇಲೆ ಹೂವಿನ ಬಣ್ಣ ನಂಬುವಂತಿಲ್ಲ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಗುರುಗಳಿಗೆ ತೋರಿಸಬಹುದು. ಪುಣೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ಕೇಂದ್ರವೂ ಇದೆ.

ಈಗ ಮೊಬೈಲ್ ಹಿಡಿದರೆ ಹೆಸರು ಹೇಳುವ ಆ್ಯಪ್‌ಗಳಿವೆ. ಹುಡುಕಾಟ ಶುರು ಮಾಡಲಿಕ್ಕೆ ಒಳ್ಳೆಯವೇ. ಆದರೆ ಅವು ಹೇಳುವುದು ಅಂದಾಜು. ಆ್ಯಪ್ ಹೇಳಿತೆಂದು ಪಲ್ಯ ಮಾಡಬೇಡಿ, ಕಷಾಯ ಕಾಯಿಸಬೇಡಿ.

ಮಗು ಏನಾದರೂ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಬಾಯಿಯಲ್ಲಿ ಉಳಿದದ್ದನ್ನು ತೆಗೆದು, ತಡಮಾಡದೆ ದವಾಖಾನೆಗೆ ಒಯ್ಯಿರಿ. ಆಂಬ್ಯುಲೆನ್ಸ್‌ಗೆ 108. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಹೋಗುವಾಗ ಟೊಂಗೆಯನ್ನು ಮರೆಯದೆ ಒಯ್ಯಿರಿ, ನಮ್ಮ ಹಾಗೆ ಎರಡು ಸಲ ಓಡಬೇಡಿ.

ಅಕ್ಕ ಈಗ ಹಿತ್ತಲಿನ ಹನ್ನೊಂದು ಗಿಡದ ಹೆಸರನ್ನು ಮಗನ ಹಳೆ ನೋಟಬುಕ್ಕಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ್ದಾಳೆ. ಎರಡು ಗಿಡದ ಮುಂದೆ ಜಾಗ ಖಾಲಿ ಇದೆ. ಅವುಗಳ ಟೊಂಗೆ ಸದ್ಯ ಹಳೆ ಪೇಪರಿನ ನಡುವೆ ಒಣಗುತ್ತಿವೆ.